ಮೋರಿ ಅಂದ ಬಾಯಿ

ನಮ್ಮ ಬೀದಿಯ ಹಿಂದೆ ಹರಿಯುವುದು ಮೋರಿಯಲ್ಲ, ನದಿ. ಮೋರಿಯನ್ನು ಮನುಷ್ಯರು ಕಟ್ಟುತ್ತಾರೆ; ಇದು ಗುಡ್ಡದಿಂದ ತಾನೇ ಇಳಿದು ಬಂದದ್ದು. ನಾವೇ ಅದರ ಬಾಯಿಗೆ ಪಾಯಖಾನೆಯ ಪೈಪು ಇಟ್ಟು, ಆಮೇಲೆ ಮೂಗು ಮುಚ್ಚಿಕೊಂಡೆವು.

ಮುಚ್ಚಿಕೊಳ್ಳದವಳು ಮೂಲೆ ಅಂಗಡಿಯ ಟೈಲರಕ್ಕ. ಹೊಲಿಗೆ ಯಂತ್ರವನ್ನು ಹಿಂದಿನ ಕಿಟಕಿಯ ಪಕ್ಕಕ್ಕೇ ಹಾಕಿಕೊಂಡವಳು. ಬೆಳಕು ಬರುವುದು ಅಲ್ಲಿಂದಲೇ, ನಾತವೂ ಅಲ್ಲಿಂದಲೇ. ಗಂಡ ಸತ್ತ ಮೇಲೆ ಹರಿದ ಜೇಬು, ಸಡಿಲ ಬ್ಲೌಸು ಸರಿಮಾಡುತ್ತಲೇ ಮಗಳನ್ನು ನರ್ಸಿಂಗ್ ಓದಿಸಿದಳು. ಭಾನುವಾರ ಬಂತೆಂದರೆ ಬೀದಿಯ ಏಳೆಂಟು ಜನರನ್ನು ಕಟ್ಟಿಕೊಂಡು ನೀರಿಗಿಳಿದು ಪ್ಲಾಸ್ಟಿಕ್ ಎಳೆಯುತ್ತಾಳೆ. "ಹೊಲಿಯೋದು ಬಿಟ್ಟು ಹೊಲಸು ಎತ್ತೋಕೆ ಹೋದ್ಳು" ಎಂದು ಅವಳ ನಾದಿನಿಯೇ ಆಡಿಕೊಳ್ಳುತ್ತಾಳೆ.

ಕಳೆದ ವಾರ ನಗರಸಭೆಯಲ್ಲಿ ಅಹವಾಲು ಸಭೆ. ಮೋರಿ ಎಂದು ತೀರ್ಮಾನವಾದರೆ ಮೇಲೆ ಚಪ್ಪಡಿ ಎಳೆದು ವಾಹನ ನಿಲ್ಲಿಸುವ ಜಾಗ. ನದಿ ಎಂದಾದರೆ ಮುಚ್ಚುವಂತಿಲ್ಲ, ಕೊಳಚೆಯನ್ನು ಬೇರೆ ಕಡೆ ತಿರುಗಿಸಿ ಸರಕಾರವೇ ಶುದ್ಧ ಮಾಡಿಸಬೇಕು. ನದಿಯ ಪರ ಮಾತಾಡಲು ಟೈಲರಕ್ಕ ಎದ್ದಳು. ಸೆರಗಿಗೆ ಚುಚ್ಚಿದ ಸೂಜಿ ಹಾಗೇ ಇತ್ತು.

ಎಂಜಿನಿಯರ್ ನಯವಾಗಿ ಕೇಳಿದ, "ನಿಮ್ಮ ಮನೆ ಎಲ್ಲಿ ಬರುತ್ತಮ್ಮಾ?"

"ಮೋರಿ ಪಕ್ಕ, ಸ್ವಾಮಿ."

ಜಾರಿದ್ದು ಜಾರಿತು. ಸಭೆ ಘೊಳ್ಳೆಂದಿತು.

"ನೋಡಿ ಸಾರ್, ಅವರೇ ಹೇಳ್ತಿದಾರೆ!" ಎಂಜಿನಿಯರ್ ತಿರುಗಿದ್ದು ಆಯುಕ್ತರ ಕಡೆಗೆ. ತೀರ್ಮಾನ ಅವರದು. ಅವರು ಪೆನ್ನಿನ ಮುಚ್ಚಳ ತೆಗೆದರು. ಅವಳ ಗುಂಪಿನವರು ನೆಲ ನೋಡತೊಡಗಿದರು.

"ಸ್ವಾಮಿ, ಒಂದ್ನಿಮಿಷ." ಅವಳು ಆಯುಕ್ತರ ಮೇಜಿನ ಹತ್ತಿರ ಬಂದಳು. "ನನ್ನ ತಮ್ಮನ್ನ ಮನೇಲಿ ಎಲ್ರೂ ಕತ್ತೆ ಅಂತಾನೇ ಕರೆಯೋದು. ಹಾಗಂತ ಅವನ ಬೆನ್ನ ಮೇಲೆ ಬಟ್ಟೆ ಮೂಟೆ ಹೇರಿದೀವಾ? ನಮ್ಮ ಬಾಯಿ ಕೆಟ್ಟಿದೆ, ಒಪ್ಕೋತೀನಿ. ಹರಿಯೋದು ಏನಂತ ನೀವೇ ಬಂದು ನೋಡಿ. ಗುಡ್ಡದವರೆಗೂ ನಡೀರಿ ನನ್ನ ಜೊತೆ."

ಈ ಸಲ ಆಯುಕ್ತರೂ ನಕ್ಕರು. ಆದರೆ ಪೆನ್ನು ಮುಚ್ಚಲಿಲ್ಲ. "ಸೋಮವಾರ ಬರ್ತೀನಿ. ದಾರೀಲಿ ಸಿಕ್ಕವರನ್ನೆಲ್ಲ ಇದೇನು ಅಂತ ಕೇಳ್ತೀನಿ. ಅವರೂ ಮೋರಿ ಅಂದ್ರೆ ಮುಗೀತು, ಮುಚ್ಚಿಸ್ತೀನಿ."

ಅಂದಿನಿಂದ ಬಟ್ಟೆ ಹಿಡಿದು ಬಂದವರನ್ನೆಲ್ಲ ಟೈಲರಕ್ಕ ಅಡ್ಡಗಟ್ಟುತ್ತಿದ್ದಾಳೆ: "ಹಿಂದ್ಗಡೆ ಏನೇ ಹರಿಯೋದು?" ನಿನ್ನೆ ನಾದಿನಿ "ಮೋ..." ಎಂದು ನಾಲಿಗೆ ಕಚ್ಚಿಕೊಂಡಳು.

"ಇನ್ನೊಂದ್ಸಲ ಅಂದ್ನೋಡು, ನಿನ್ನ ಬ್ಲೌಸಿಗೆ ಒಂದೇ ತೋಳು!" ಹಾಗೆಂದವಳ ಮುಖದಲ್ಲಿ ನಗುವಿರಲಿಲ್ಲ.

ನಾಳೆ ಸೋಮವಾರ. ಬೀದಿಯವರೇ, ಆಯುಕ್ತರು ನಿಮ್ಮ ಬಾಗಿಲ ಮುಂದೆಯೂ ಬರುತ್ತಾರೆ. ಟಿ.ವಿ. ಆರಿಸಿ ಎದ್ದು ಬನ್ನಿ. ಅವರು ಕೇಳಿದಾಗ ನದಿ ಅನ್ನಿ. ಈಗಲೇ, ಬಾಯಿಬಿಟ್ಟು, ಒಮ್ಮೆ ಅಂದು ನೋಡಿ.