ಕರೆಂಟ್ ಬಂದ ಕೂಡಲೇ

‘ಮೂರು ಗಂಟೆ ಹನ್ನೆರಡು ನಿಮಿಷ. ಕರೆಂಟ್ ಹೋಯಿತು.’

ಇದು ನನ್ನದೇ ಕೈಬರಹ. ಹೋದ ತಿಂಗಳು ಕಪಾಟು ಖಾಲಿ ಮಾಡುವಾಗ ಹಳೆಯ ಉತ್ತರಪತ್ರಿಕೆಗಳ ನಡುವೆ ಈ ನೋಟ್‌ಬುಕ್ಕು ಸಿಕ್ಕಿತು. ಆ ಸಾಲಿನ ಕೆಳಗೆ ಏನೂ ಇಲ್ಲ. ಕರೆಂಟ್ ಯಾವಾಗ ಬಂತು ಎಂದು ಬರೆಯಬೇಕಾಗಿದ್ದವಳು ನಾನು, ಬರೆಯಲಿಲ್ಲ. ಪುಟದ ಅಂಚಿನಲ್ಲಿ ಕಡಲೆಕಾಳಿನಷ್ಟು ಸುಟ್ಟ ಗುರುತಿದೆ, ಸೋಲ್ಡರಿಂಗ್ ಕಡ್ಡಿ ತಾಗಿದ್ದು. ಮೂಗಿಗೆ ಹಿಡಿದರೆ ಆ ಹೊಗೆಯ ವಾಸನೆ ಇನ್ನೂ ಇದೆ ಅನಿಸಿತು... ಇರಲಿಕ್ಕಿಲ್ಲ. ಎಂಟು ವರ್ಷವಾಯಿತು.

ನೋಟ್‌ಬುಕ್ಕು ಮೇಲಿನ ಮನೆಯವರದು. ಬೆಂಗೇರಿಯಲ್ಲಿ ನಾನು ಬಾಡಿಗೆಗಿರುವ ಈ ಮನೆಯ ಮಹಡಿಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ನಾನು ಅವರನ್ನು ಅಣ್ಣಾರ ಅನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳೆಂದು ಅವರು ನನ್ನನ್ನು ಟೀಚರ್ ಅನ್ನುತ್ತಿದ್ದರು. ಹದಿನಾರು ವರ್ಷ ಒಂದು ಕಾರ್ಖಾನೆಯಲ್ಲಿ ಕೆಟ್ಟುಹೋದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ರಿಪೇರಿ ಮಾಡಿದ್ದರು. ಬೋರ್ಡಿನ ವಿನ್ಯಾಸವೆಲ್ಲ ಪುಣೆಯಿಂದ ಬರುತ್ತಿತ್ತು. ಒಮ್ಮೆ ತಾವೇ ಒಂದು ವಿನ್ಯಾಸ ಬರೆದು ಒಯ್ದರೆ ಸಾಹೇಬರು ಅದರ ಮೇಲೆ ಚಹಾದ ಕಪ್ಪಿಟ್ಟು, ನಿಮ್ಮ ಕೆಲಸ ನೀವು ಮಾಡ್ರಿ ಅಂದರಂತೆ. ಕಪ್ಪಿನ ದುಂಡು ಕಲೆ ಬಿದ್ದ ಆ ಹಾಳೆ ಅವರ ಮೇಜಿನ ಗಾಜಿನ ಕೆಳಗೆ ಯಾವಾಗಲೂ ಇರುತ್ತಿತ್ತು. ಮುಂದೆ ಎರಡು ತಿಂಗಳಿಗೆ ನೌಕರಿ ಬಿಟ್ಟರು.

ಉಪ್ಪಿನಬೆಟಗೇರಿಯಿಂದ ಅವರ ಮಾವನವರು ಬಂದಿದ್ದು ನೆನಪಿದೆ. ಮಹಡಿಯ ಮೆಟ್ಟಿಲ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಅಂದಿದ್ದರು: “ತಿಂಗಳಾ ಪಗಾರ ಬರೋ ನೌಕರಿ ಬಿಟ್ಟು ರೇಡಿಯೋ ರಿಪೇರಿಗೆ ಕುಂದರತೀರೇನ್ರಿ ಅಳಿಯಂದ್ರ? ಈಗ ರೇಡಿಯೋರ ಯಾರ ಮನ್ಯಾಗ ಅದಾವು?”

ಅಣ್ಣಾರಿಗೆ ಸಿಟ್ಟು ಬರಲಿಲ್ಲ. “ಹದಿನಾರ ವರ್ಷ ಬ್ಯಾರೇದವರ ತಪ್ಪು ತಿದ್ದೇನ್ರಿ ಮಾವಾರ. ಇನ್ನ ನನ್ನ ತಪ್ಪು ನಾನ ಮಾಡತೇನಿ” ಅಂದು ನಕ್ಕರು. ಮಾವನವರೂ ನಕ್ಕರು. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ನಾನೂ ನಕ್ಕಿದ್ದೆ.

ಅಣ್ಣಾರ ಮೊದಲು ತಮ್ಮದೇ ಬೋರ್ಡು ಮಾಡಿದ್ದು ಅದೇ ಮಾವನವರ ಹೊಲದ ಪಂಪಿಗೆ. ಹೊಲದ ಕರೆಂಟಿಗೆ ಹೊತ್ತುಗೊತ್ತಿಲ್ಲ. ಅದು ಬಂದಾಗ ರೈತ ಎದ್ದು ಹೋಗದೆ ಪಂಪು ತಾನಾಗಿಯೇ ಶುರುವಾಗಬೇಕು, ಹೋದಾಗ ಎಷ್ಟು ನಿಮಿಷ ಬಾಕಿಯಿತ್ತೆಂದು ನೆನಪಿಟ್ಟುಕೊಂಡು ಅಷ್ಟೇ ಹೊತ್ತು ನಡೆದು ನಿಲ್ಲಬೇಕು. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಇದನ್ನೆಲ್ಲ ಕೂಡಿಸಿದರು. ಮಾವನವರೇ ನಾಲ್ಕು ಊರಿಗೆ ಹೇಳಿಕೊಂಡು ಬಂದರು. ಪ್ರತಿ ಪೆಟ್ಟಿಗೆಯೊಳಗೆ ಹಾಕುವ ಸೂಚನೆಯ ಹಾಳೆ ಬರೆಯುವ ಕೆಲಸ ನನ್ನದು. ಅದರ ನಾಲ್ಕನೆಯ ಸಾಲು ಈಗಲೂ ಬಾಯಿಪಾಠವಿದೆ: ‘ಕರೆಂಟ್ ಬಂದ ಕೂಡಲೇ ಮೋಟಾರು ತಾನಾಗಿಯೇ ಶುರುವಾಗುತ್ತದೆ. ಹತ್ತಿರ ಕೈ ಒಯ್ಯಬೇಡಿ.’

ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬರಿದ್ದರು, ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ಐದಾರು ಹೆಂಗಸರನ್ನು ಕಟ್ಟಿಕೊಂಡು ಖಾನಾವಳಿಗಳಿಗೆ ರೊಟ್ಟಿ ಕಳಿಸುತ್ತಿದ್ದರು. ಹಿಟ್ಟು ನಾದಿ ನಾದಿ ಅವರ ಮಣಿಕಟ್ಟು ಬಾತಿರುತ್ತಿತ್ತು. ಯಾರೋ ಬಿಟ್ಟುಹೋದ ಹಳೆಯ ನಾದುವ ಯಂತ್ರ ತಂದು, ಇಷ್ಟು ನಿಮಿಷ ನಾದಿ ತಾನೇ ನಿಲ್ಲುವ ಹಾಗೆ ಮಾಡಿಕೊಡ್ರಿ ಎಂದು ಅಣ್ಣಾರನ್ನು ಕೇಳಿದರು. ಅಣ್ಣಾರ ಒಪ್ಪಿದರು. ಅವಸರವಿತ್ತು. ಪಂಪಿನ ಬೋರ್ಡನ್ನೇ ತೆಗೆದುಕೊಂಡು ಅದಕ್ಕೆ ಹೊಂದಿಸಿದರು.

ಹಾಳೆಯನ್ನು ಮತ್ತೆ ನಾನೇ ಬರೆದೆ. ಹಳೆಯದನ್ನು ಎದುರಿಗಿಟ್ಟುಕೊಂಡು, ಪಂಪು ಅನ್ನುವಲ್ಲಿ ಯಂತ್ರ ಎಂದು ಬದಲಿಸುತ್ತ ನಾಲ್ಕನೆಯ ಸಾಲಿಗೆ ಬಂದಾಗ ಇದು ಹೊಲದ ಮಾತು, ಅಡಿಗೆಮನೆಗೇಕೆ ಅನಿಸಿತು. ಮೆಟ್ಟಿಲ ಬುಡದಿಂದ ಕೂಗಿ ಕೇಳಿದೆ, ಈ ಸಾಲು ತೆಗೆಯಲೇ ಎಂದು. ಅವರು ಹಲ್ಲಿನಲ್ಲಿ ವೈರು ಕಚ್ಚಿಕೊಂಡು ಬೆಸುಗೆ ಹಾಕುತ್ತಿದ್ದರು. ಹೂಂ ಅಂದರು. ಕೇಳಿಸಿಕೊಂಡು ಅಂದರೋ, ಸುಮ್ಮನೆ ಅಂದರೋ... ನಾನು ಆ ಸಾಲು ಬಿಟ್ಟೆ.

ಅದು ಶನಿವಾರ, ಶಾಲೆ ಅರ್ಧ ದಿನ. ಯಂತ್ರ ಕೂಡಿಸಿ, ಹಾಳೆಯನ್ನು ಅದರ ಮೇಲಿನ ಗೋಡೆಗೆ ಅಂಟಿಸಿ ನಾಲ್ಕು ದಿನವಾಗಿತ್ತು. ಅದು ಶುರುವಾದ, ನಿಂತ ಹೊತ್ತನ್ನೆಲ್ಲ ಬರೆಯಿರಿ ಎಂದು ಅಣ್ಣಾರ ನನಗೆ ನೋಟ್‌ಬುಕ್ಕು ಕೊಟ್ಟು, ಕಾಕುನ ಮನೆಗೆ ಕರೆದುಕೊಂಡು ಹೋಗಿದ್ದರು. ಮೂರನೆಯ ಸಲದ ಹಿಟ್ಟು ಅರ್ಧ ನಾದಿಯಾಗಿತ್ತು, ಕರೆಂಟ್ ಹೋಯಿತು. ನಾನು ಗಡಿಯಾರ ನೋಡಿ ಬರೆದೆ.

ನಮ್ಮಲ್ಲಿ ಕರೆಂಟ್ ಹೋದರೆ ಯಾರೂ ಸ್ವಿಚ್ ಆರಿಸುವುದಿಲ್ಲ. ಆರಿಸಿದರೆ ಬಂದದ್ದು ಗೊತ್ತಾಗುವುದು ಹೇಗೆ? ಅಂದೂ ಯಾರೂ ಆರಿಸಲಿಲ್ಲ. ಜೋಳದ ಹಿಟ್ಟು ಕಾಯುವುದೂ ಇಲ್ಲ. ಎಸರಿನ ಬಿಸಿ ಆರುವುದರೊಳಗೆ ನಾದದಿದ್ದರೆ ಜಿಗುಟು ಹೋಗಿ ರೊಟ್ಟಿಯ ಅಂಚು ಒಡೆಯುತ್ತದೆ. ಕಾಕು ಕೈಯಿಂದಲೇ ನಾದಲು ಪರಾತ ಎಳೆದುಕೊಂಡು, ಹಿಟ್ಟು ತೆಗೆಯಲು ಯಂತ್ರದೊಳಗೆ ಕೈ ಹಾಕಿದರು. “ಮಷೀನಿಗೆ ಸುಸ್ತಾತು ನೋಡ್ರಿ. ನಮಗ ಆಗಂಗಿಲ್ಲ” ಅಂದರು. ಹೆಂಗಸರು ನಗುತ್ತಿದ್ದರು.

ತಲೆಯ ಮೇಲಿನ ಬಲ್ಬು ಹತ್ತಿತು. ಆಮೇಲೆ ಬಳೆ ಒಡೆಯುವ ಸದ್ದು. ಈ ಎರಡರ ನಡುವೆ ಹೊತ್ತೇ ಇರಲಿಲ್ಲ, ಆದರೂ ನಾನು ಎಂಟು ವರ್ಷ ಆ ನಡುವಿನಲ್ಲೇ ನಿಂತಿದ್ದೇನೆ. ಸ್ವಿಚ್ಚು ನನಗೆ ಎರಡು ಹೆಜ್ಜೆ ದೂರದಲ್ಲಿತ್ತು. ನನ್ನ ಕೈಯಲ್ಲಿ ಪೆನ್ನಿತ್ತು. ಅಣ್ಣಾರ ಆಚೆ ಮೂಲೆಯಿಂದ ಓಡಿಬಂದು ವೈರನ್ನೇ ಹಿಡಿದು ಜಗ್ಗಿದರು. ಗೋಡೆಯ ಗಿಲಾವಿನ ಸಮೇತ ಕಿತ್ತುಬಂತು. ಹಿಟ್ಟಿನಲ್ಲಿ ಹಸಿರು ಗಾಜಿನ ಚೂರುಗಳಿದ್ದವು. ಕಾಕು ಕೂಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಆಟೋದಲ್ಲಿ ಸತ್ತೂರಿನ ಆಸ್ಪತ್ರೆಗೆ ಒಯ್ದೆವು. ಕೈ ಉಳಿಯಿತು. ಎರಡು ಬೆರಳು ಮುರಿದಿದ್ದವು, ಅದರಲ್ಲಿ ಒಂದು ಮುಂದೆಂದೂ ಮಡಚಲಿಲ್ಲ. ಕಾಕುನ ಗಂಡ ಬಂದು, ಇದು ಯಾರ ತಪ್ಪು ಎಂದು ಕೇಳಿದರು. ದನಿ ಏರಿಸಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

“ನಂದ್ರಿ” ಅಂದರು ಅಣ್ಣಾರ. “ಮಷೀನಿಂದಲ್ಲ, ಕರೆಂಟಿಂದಲ್ಲ. ಹೊಲದ ಪಂಪಿನ ಬುದ್ಧಿ ತಂದು ಹಿಟ್ಟಿನ ಮಷೀನಿಗೆ ಇಟ್ಟೆ. ತಗೀಬೇಕಿತ್ತು. ಮರತೆ.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ವಾರದೊಳಗೆ ಮಾವನವರು ಮತ್ತೆ ಬಂದರು. ಈ ಸಲ ಮೆಟ್ಟಿಲ ಮೇಲೆ ಕೂರಲಿಲ್ಲ, ಗದ್ದಲವನ್ನೂ ಮಾಡಲಿಲ್ಲ, ನೌಕರಿಗೆ ತಿರುಗಿ ಹೋಗ್ರಿ ಅಂದರು ಅಷ್ಟೇ. ಹಳೆಯ ಸಾಹೇಬರೂ ತಿರುಗಿ ಬರುವುದಾದರೆ ಬಾ ಎಂದು ಹೇಳಿಕಳಿಸಿದ್ದರು. ಅಣ್ಣಾರ ಮಾತ್ರ ದಿನಾ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಖಾರ ಕುಟ್ಟುವ ಗಿರಣಿ, ಗಾದಿ ಅಂಗಡಿ, ಹೀಗೆ ಜನ ಕೈ ಹಾಕುವ ಯಂತ್ರಕ್ಕೆ ಎಲ್ಲೆಲ್ಲಿ ತಮ್ಮ ಪೆಟ್ಟಿಗೆ ಕೊಟ್ಟಿದ್ದರೋ ಅಲ್ಲಲ್ಲಿಗೆ ಹೋಗಿ ಬಿಚ್ಚಿ, ಕರೆಂಟ್ ಬಂದರೂ ಮನುಷ್ಯ ಬಟನ್ ಒತ್ತುವವರೆಗೆ ಅಲ್ಲಾಡದ ಹಾಗೆ ಮಾಡಿಬಂದರು. ಒಂದು ಸಂಜೆ ಮೆಟ್ಟಿಲ ಬಳಿ ಸಿಕ್ಕಾಗ, ನೌಕರಿಗೆ ಹೋಗುತ್ತೀರಾ ಎಂದು ಕೇಳಿದೆ.

“ನೌಕರ್ಯಾಗ ಇದ್ದಿದ್ರ ಈ ತಪ್ಪು ಪುಣೆದವರ ಮ್ಯಾಲೆ ಹಾಕಿ ಮಲಗತಿದ್ದೆ ಟೀಚರ್. ಈಗ ಹಂಗ ಬರಂಗಿಲ್ಲ. ಅದಕ್ಕ ಹೋಗಂಗಿಲ್ಲ.”

ಆಗಲೇ ಹೇಳಬೇಕಾಗಿತ್ತು, ಆ ಸಾಲಿನ ಮಾತು. ಅವರು ಚೀಲ ಎತ್ತಿಕೊಂಡು ಮೇಲೆ ಹೋದರು.

ಅಂದಿನಿಂದ ಯಾವ ಯಂತ್ರವನ್ನೂ ಮೂಲಂಗಿ ಇಡದೆ ಕೊಟ್ಟವರಲ್ಲ. ಒಳಗೆ ಒಂದು ಮೂಲಂಗಿ ಮಲಗಿಸಿ, ಹತ್ತು ಸಲ ಕರೆಂಟ್ ತೆಗೆದು ಹಾಕುವರು. ಅದಕ್ಕೆ ಗಾಯವಾಗದಿದ್ದರೆ ಯಂತ್ರ ಹೊರಗೆ ಹೋಗುತ್ತಿತ್ತು. “ಇವತ್ತಿನ ಮೂಲಂಗಿ ಪಾಸಾತೇನ್ರಿ? ಪಲ್ಯಾಕ ಹಚ್ಚಲ್ಯಾ?” ಎಂದು ಅವರ ಹೆಂಡತಿ ಕೇಳುವುದು ಕೆಳಗೆ ನನಗೆ ಕೇಳಿಸುತ್ತಿತ್ತು. ಕೆಲಸ ನಿಧಾನಕ್ಕೆ ತಿರುಗಿ ಬಂತು. ಆದರೆ ಅವರು ನನಗೆ ಮತ್ತೆಂದೂ ಹಾಳೆ ಬರೆಯಲು ಹೇಳಲಿಲ್ಲ. ಗೊತ್ತಾಗಿದೆ, ನನ್ನ ಮೇಲೆ ಸಿಟ್ಟಿದೆ ಅಂದುಕೊಂಡೆ. ಹಬ್ಬಕ್ಕೆ ಹೋಳಿಗೆ ಕೊಡುವಾಗಲೂ ಅವರ ಕಣ್ಣು ತಪ್ಪಿಸುತ್ತಿದ್ದೆ.

ನನ್ನ ನಿದ್ದೆ ಹೋಗಿತ್ತು. ಕರೆಂಟ್ ಹೋಗಿ ಬಂದರೆ ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಶುರುವಾಗುತ್ತದಲ್ಲ, ಆ ಸದ್ದಿಗೆ ಎದ್ದು ಕೂರುತ್ತಿದ್ದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಿದ್ದೆ.

ಅಣ್ಣಾರ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ಎದೆ ಭಾರವಾಗಿದೆ ಅಂದವರು ಸಂಜೆಗೆ ಇರಲಿಲ್ಲ. ಹೆಂಡತಿ ತವರಿಗೆ ಹೋದರು. ಮೇಲೆ ಈಗ ಬೇರೆಯವರಿದ್ದಾರೆ.

ನೋಟ್‌ಬುಕ್ಕು ಸಿಕ್ಕ ಮರುದಿನ ಅದನ್ನು ಚೀಲದಲ್ಲಿಟ್ಟುಕೊಂಡು ಕಾಕುನ ಮನೆಗೆ ಹೋದೆ. ಅವರು ಒಲೆಯ ಮುಂದಿದ್ದರು. ಮಡಚದ ಬೆರಳನ್ನು ಮೇಲೆತ್ತಿಕೊಂಡೇ ತಟ್ಟುತ್ತಾರೆ, ಆದರೂ ರೊಟ್ಟಿ ದುಂಡಗೇ ಬರುತ್ತದೆ. ನಾನು ಎಲ್ಲ ಹೇಳಿದೆ. ನಾಲ್ಕನೆಯ ಸಾಲು, ನಾನು ಅದನ್ನು ಬಿಟ್ಟದ್ದು, ಆಸ್ಪತ್ರೆಯಲ್ಲಿ ಸುಮ್ಮನೆ ನಿಂತದ್ದು. ಕಾಕು ತಟ್ಟುವುದನ್ನು ನಿಲ್ಲಿಸಲಿಲ್ಲ.

“ಆ ಹಾಳಿ ಅವರು ಮರುದಿನಾನ ಬಂದು ಗ್ವಾಡಿಮ್ಯಾಲಿಂದ ಕಿತ್ತುಕೊಂಡು ಹೋಗಿದ್ರು ಟೀಚರ್. ನಾ ದವಾಖಾನ್ಯಾಗ ಇದ್ದೆ, ನಮ್ಮ ಮೈದುನನ ಹೇಣ್ತಿ ಹೇಳಿದ್ಲು. ಯಾಕ್ರಿ ಅಂತ ಕೇಳಿದ್ರ, ಟೀಚರ್ ಇದನ್ನ ಮತ್ತ ಓದಿದ್ರ ಜೀವಾ ತಿನ್ಕೋತಾರ, ಅವರ ಮುಂದ ಇದರ ಸುದ್ದಿ ತಗೀಬ್ಯಾಡ್ರಿ ಅಂದ್ರಂತ.”

ನಾನು ಚೀಲದಿಂದ ನೋಟ್‌ಬುಕ್ಕು ತೆಗೆದು ಮಡಿಲಲ್ಲಿಟ್ಟುಕೊಂಡೆ.

“ಮತ್ತ ಅದನ್ನ ಓದಿದವರರ ಯಾರು? ಹಿಟ್ಟು ಆರಾಕತ್ತಿತ್ತು. ನೀವು ಆ ಸಾಲು ಬರೆದಿದ್ರೂ ನಾ ಕೈ ಹಾಕತಿದ್ದೆ” ಅಂದರು ಕಾಕು. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಗೋಡೆಯತ್ತ ಗದ್ದ ತೋರಿಸಿದರು.

ಯಂತ್ರದ ಮೇಲಿನ ಗೋಡೆಗೆ ಹೊಗೆ ಹಿಡಿದ ಒಂದು ಹಾಳೆ ಅಂಟಿಸಿತ್ತು. ಅಣ್ಣಾರದೇ ದೊಡ್ಡ ಸೊಟ್ಟ ಅಕ್ಷರ. ಎರಡೇ ಸಾಲು: ‘ಕರೆಂಟ್ ಹೋದರೆ ಮೊದಲು ಪ್ಲಗ್ಗಿನ ಪಿನ್ ತೆಗೆಯಿರಿ. ಆಮೇಲೆ ಕೈ.’

ಅವರು ಮೇಲೆ, ನಾನು ಕೆಳಗೆ. ಅಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿಳಿದೆವು. ನನಗೆ ನೋವಾಗಬಾರದೆಂದು ಅವರು ಸುಮ್ಮನಿದ್ದರು, ಹೆದರಿಕೆಯಿಂದ ನಾನು ಸುಮ್ಮನಿದ್ದೆ. ಈಗ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರೆ ಹೂಂ ಅನ್ನಲು ಅವರಿಲ್ಲ...

ಕಾಕು ಕೊಟ್ಟ ಬಿಸಿರೊಟ್ಟಿಯನ್ನು ಮನೆಗೆ ತಂದು ಉಂಡು ಬೇಗ ಮಲಗಿದೆ. ಬೆಳಿಗ್ಗೆ ಹಾಲು ಹಾಕಲು ಬಂದವಳು, ಏನ್ ಟೀಚರ್, ರಾತ್ರಿ ಎರಡು ಸಲ ಕರೆಂಟ್ ಹೋಗಿ ಬಂತು, ನಿದ್ದೆಗೇಡಾಯಿತು ಅಂದಳು.

ನನಗೆ ಗೊತ್ತೇ ಆಗಿರಲಿಲ್ಲ.