ಕ್ಯಾಲೆಂಡರಿನ ಹನ್ನೆರಡು

ಐದು ವರ್ಷದ ಒಂದು ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ. ನಾಚಿಕೆಪಡಬೇಕಾದದ್ದು ಮುಂದೆ ಬರುತ್ತದೆ, ಅದನ್ನೂ ಹೇಳುತ್ತೇನೆ.

ಹೈದರಾಬಾದು ಇನ್ನೂ ಇಡೀ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಬಾಲಾನಗರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಗಂಡ ಅಲ್ಲಿ ಇಂಜಿನಿಯರು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿದವಳು, ಆ ಸುದ್ದಿಯನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಎದುರು ಮನೆಗೆ ಬಾದಾಮಿ ಕಡೆಯವರು ಬಂದರು. ಆತ ಅದೇ ಫ್ಯಾಕ್ಟರಿಯಲ್ಲಿ ಫಿಟ್ಟರ್. ಹೆಂಡತಿ ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಕನ್ನಡದ ಅಕ್ಷರ, ಕನ್ನಡದ ಅಂಕಿ ಬಲ್ಲಳು, ಇಂಗ್ಲಿಷಿನದು ಒಂದೂ ಗುರುತಿಲ್ಲ. ಯಾವ ಕಾಗದ ಬಂದರೂ ನನ್ನ ಬಾಗಿಲಿಗೇ ಬರುವಳು.

"ಇದನ್ನೊಂದೀಟು ಓದಿ ಹೇಳ್ರಿ ಅಕ್ಕಾರ."

ಹಾಗೆ ಕೇಳಿಸಿಕೊಳ್ಳುವುದು ನನಗೆ ಭಾಳ ಸೇರುತ್ತಿತ್ತು. ಸುತ್ತಲೂ ತೆಲುಗು, ಹಿಂದಿಯ ನಡುವೆ ಕನ್ನಡದ ದನಿಯೊಂದು ಸಿಕ್ಕಿತಲ್ಲ ಎಂಬ ಖುಷಿ ಬೇರೆ. ಅವಳ ಮಗಳು ನನ್ನನ್ನು ದೊಡ್ಡವ್ವ ಎನ್ನುತ್ತಿದ್ದಳು.

ಆ ಹುಡುಗಿಗೂ ನನ್ನ ಮಗನಿಗೂ ಒಂದೇ ವಯಸ್ಸು. ಇಬ್ಬರೂ ಕಾಲನಿಯ ಶಾಲೆಯ ಒಂದನೇ ಕ್ಲಾಸಿಗೆ ಸೇರಬೇಕು. ಸೀಟು ಕಡಿಮೆ, ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುವರು. ನನಗೇನೂ ಚಿಂತೆಯಿರಲಿಲ್ಲ. ನಮ್ಮ ಮನೆಯಲ್ಲಿ ಸಂಜೆ ದೇವರ ಮುಂದೆ ದೀಪ ಹಚ್ಚಿ ಮಕ್ಕಳಿಂದ ಬಾಯಿಪಾಠ ಹೇಳಿಸುವ ಪದ್ಧತಿ. ವಾರಗಳು, ನಕ್ಷತ್ರಗಳು, ಅರವತ್ತು ಸಂವತ್ಸರಗಳು, ಮಗ್ಗಿ. ನಾನು ಅದರ ಬಾಲಕ್ಕೆ ಎ ಬಿ ಸಿ ಡಿಯನ್ನೂ ಇಂಗ್ಲಿಷಿನ ಒಂದರಿಂದ ನೂರನ್ನೂ ಕಟ್ಟಿದ್ದೆ. ಮಗ ಕೈಮುಗಿದು, ಕಣ್ಣು ಮುಚ್ಚಿ, ಪ್ರಭವ ವಿಭವದಿಂದ ಹಿಡಿದು ಹಂಡ್ರೆಡ್‌ವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ. ಬಂದವರೆಲ್ಲ ಬೆರಗಾಗಿ ಬಾಯಿ ಬಿಡುತ್ತಿದ್ದರು. ಎದುರು ಮನೆಯ ಹುಡುಗಿಯೂ ನಮ್ಮ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು. ಕೂರಲಿ ಬಿಡು, ಪಾಪ, ಅಂದುಕೊಂಡಿದ್ದೆ.

ಒಂದು ಮುಂಜಾನೆ ಹೆಪ್ಪಿಗೆ ಮೊಸರು ಕೇಳಲು ಅವರ ಮನೆಗೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಪರಾತಿನಲ್ಲಿ ಹರವಿದ್ದ ಜೋಳದ ಹಿಟ್ಟಿನ ಮೇಲೆ ಮಗಳು ಬೆರಳಿನಿಂದ ಅಕ್ಷರ ಬರೆದು ಅಳಿಸಿ ಬರೆಯುತ್ತಿದ್ದಳು.

"ಅಪ್ಪಗ ಮೂರು, ನನಗ ಎರಡು, ನಿನಗ ಒಂದು. ಎಷ್ಟ್ ಬಡೀಲಿ?" ತಾಯಿ ಕೇಳಿದಳು.

"ಆರು."

"ಮಾಮಾ ಬಂದ್ರ?"

"ಎಂಟು. ಮಾಮಾ ಎರಡ ತಿಂತಾನ."

ಇದೂ ಒಂದು ಓದೇ ಎಂದು ಒಳಗೊಳಗೇ ನಕ್ಕು ಮೊಸರು ತಂದೆ.

ನಗು ಬಹಳ ದಿನ ಉಳಿಯಲಿಲ್ಲ. ನಮ್ಮ ನಡುಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು, ಅಂಗೈಯಷ್ಟು ದೊಡ್ಡ ಇಂಗ್ಲಿಷ್ ಅಂಕಿಗಳು. ಹರಿಯುವ ಕೆಲಸ ನನ್ನ ಮಗನದು. ಒಂದು ದಿನ ಆ ಹುಡುಗಿ ಓಡಿ ಬಂದು ನೋಡಿ, "ಇವತ್ತ ಒಂಬತ್ತು ದೊಡ್ಡವ್ವ. ಇನ್ನ ಮೂರ ದಿನ ಹೋದ್ರ ಹನ್ನೆರಡು, ನಮ್ಮಪ್ಪಗ ಸೂಟಿ" ಎಂದಳು.

ಮಗ ಹರಿದ ಹಾಳೆಯಲ್ಲಿ ದೋಣಿ ಮಾಡುತ್ತಿದ್ದ. ಆ ಅಂಕಿ ಯಾವುದು ಹೇಳೋ ಎಂದೆ. ಅವನು ದೋಣಿ ಕೆಳಗಿಟ್ಟು, ಕೈಮುಗಿದು, ಕಣ್ಣು ಮುಚ್ಚಿ, ಒನ್ ಟೂ ಥ್ರೀ ಶುರು ಮಾಡಿದ. ಒಂಬತ್ತು ಬಂತು, ಹೋಯಿತು. ಅವನು ನಿಲ್ಲಲಿಲ್ಲ.

ಅಲ್ಲ, ಗಂಟಲು ಹರಿದುಕೊಂಡವಳು ನಾನು, ಕ್ಯಾಲೆಂಡರು ನನ್ನದು, ಕಲಿತದ್ದು ಎದುರು ಮನೆಯ ಕೂಸು! ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಮುಚ್ಚತೊಡಗಿದೆ. ಸೊಳ್ಳೆ ಬರುತ್ತವೆ ಎಂದೆ. ಮೂರು ದಿನ ಆ ಹುಡುಗಿ ಹೊರಗೆ ನಿಂತು ಬಾಗಿಲು ತಟ್ಟಿದಳು, ಆಮೇಲೆ ಬಿಟ್ಟಳು. ಮಗನಿಗೆ ಮಾತ್ರ ಇನ್ನೂ ಜೋರಾಗಿ ಹೇಳಿಸಿದೆ.

ಮುಂದಿನ ತಿಂಗಳ ಮೊದಲಲ್ಲಿ ಶಾಲೆಯ ಗೇಟಿನ ಬೋರ್ಡಿಗೆ ಇಂಗ್ಲಿಷಿನಲ್ಲಿ ನೋಟೀಸು ಹಚ್ಚಿದರು. ತರಕಾರಿ ಚೀಲ ಹಿಡಿದು ಓದುತ್ತ ನಿಂತಿದ್ದೆ. ಹನ್ನೆರಡನೇ ತಾರೀಕಿಗೆ ಪರೀಕ್ಷೆ, ತಪ್ಪಿದವರಿಗೆ ಸೀಟಿಲ್ಲ. ಹಿಂದಿನಿಂದ ದನಿ ಬಂತು.

"ಏನ ಬರದಾರ್ರಿ ಅಕ್ಕಾರ?"

ತಾಯಿ, ಅವಳ ಸೆರಗು ಹಿಡಿದ ಮಗಳು. ನಾನು ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಬಾಯಿಂದ ತಾನಾಗಿಯೇ ಬಂತು.

"ಇಪ್ಪತ್ತನೇ ತಾರೀಕಿಗೆ ಪರೀಕ್ಷಾ ಅದ. ಅವತ್ತ ಕರಕೊಂಡ ಬಾ."

ಹುಡುಗಿ ಸೆರಗು ಬಿಟ್ಟು ಮುಂದೆ ಬಂದು, ತುದಿಗಾಲಲ್ಲಿ ನಿಂತು ನೋಟೀಸಿನ ಮೇಲೆ ಬೆರಳಿಟ್ಟಳು.

"ದೊಡ್ಡವ್ವ, ಇದು ಇಪ್ಪತ್ತಲ್ರಿ. ಹನ್ನೆರಡು."

ತಾಯಿ ಅವಳ ರಟ್ಟೆಗೆ ಒಂದು ಬಿಟ್ಟಳು. "ಏ, ಬಾಯಿ ಮುಚ್ಚ! ಅಕ್ಕಾರು ಬಿ.ಎ. ಓದ್ಯಾರ. ನಿನಗೇನ ತಿಳಿತೈತಿ?"

ಹುಡುಗಿಯ ಕಣ್ಣು ತುಂಬಿದವು, ಬೆರಳು ಕದಲಲಿಲ್ಲ. "ನಿಮ್ಮನಿ ಕ್ಯಾಲೆಂಡರಿನ್ಯಾಗ ಹಿಂಗ ಇರತೈತಲ್ರಿ. ಮೊದಲ ಒಂದು, ಬಾಜೂಕ ಎರಡು. ಇಪ್ಪತ್ತಕ್ಕ ಎರಡು ಮೊದಲ ಬರತೈತಿ."

ತಾಯಿ ಇನ್ನೊಂದು ಏಟಿಗೆ ಕೈ ಎತ್ತಿದ್ದಳು. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿರಬೇಕು ಎಂದು ಮನಸ್ಸು ಹೇಳುತ್ತಲೂ ಇತ್ತು. ಆದರೆ ಆ ಬೆರಳು ಅಲ್ಲೇ ಇತ್ತಲ್ಲ.

"ಹೊಡೀಬ್ಯಾಡ. ಹನ್ನೆರಡ ಅದ. ಬಿಸಿಲು ಕಣ್ಣಿಗೆ ಬಡದು ತಪ್ಪಿ ಓದಿದೆ."

ಬೋರ್ಡು ಬೇವಿನ ಮರದ ನೆರಳಿನಲ್ಲಿತ್ತು. ತಾಯಿ ಅದನ್ನು ನೋಡಲಿಲ್ಲ, ಮಗಳು ತಲೆಯೆತ್ತಿ ಮರ ನೋಡಿದಳು.

ಹನ್ನೆರಡಕ್ಕೆ ಇಬ್ಬರೂ ಹೋದೆವು. ತಾಯಂದಿರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಟೀಚರು ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಸುರಿದು ನನ್ನ ಮಗನಿಗೆ, "ಸಾತ್ ಬಟನ್ ದೋ, ಬೇಟಾ" ಎಂದು ಏಳು ಗುಂಡಿ ಕೇಳಿದರು. ಅವನು ಗುಂಡಿ ಮುಟ್ಟಲಿಲ್ಲ. ಕೈಮುಗಿದ, ಕಣ್ಣು ಮುಚ್ಚಿದ. ಟೀಚರು ನಲವತ್ತರವರೆಗೆ ತಾಳಿಕೊಂಡು, ಅವನ ತಲೆ ಸವರಿ, ಸಾಕು ಎಂದರು. ತಪ್ಪು ಅವನದಲ್ಲ. ಏಳು ಎಂಬುದನ್ನು ನಾನು ಅವನ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಅವನಿಗೆ ಅದೂ ಒಂದು ಸಂವತ್ಸರದ ಹೆಸರು.

ಎದುರು ಮನೆಯ ಹುಡುಗಿ ಏಳು ಗುಂಡಿ ಎಣಿಸಿ ಕೊಟ್ಟಳು. "ಔರ್ ದೋ ಆಯೇ ತೋ?" ಇನ್ನೂ ಎರಡು ಬಂದರೆ ಎಂದು ಟೀಚರು ಕೇಳಿದರೆ, "ಮಾಮಾ?" ಎಂದು ವಿಚಾರಿಸಿಕೊಂಡು, ಇನ್ನೆರಡು ಸೇರಿಸಿ, ಹಿಂದಿಯಲ್ಲೇ ಒಂಬತ್ತು, "ನೌ" ಎಂದಳು. ಟೀಚರು ಬಿದ್ದು ಬಿದ್ದು ನಕ್ಕರು.

ಅವಳಿಗೆ ಸೀಟು ಸಿಕ್ಕಿತು. ನನ್ನ ಮಗನಿಗೆ ಮುಂದಿನ ವರ್ಷ ಬಾ ಎಂದರು. ಅವತ್ತು ಸಂಜೆ ಬಾಯಿಪಾಠ ನಡೆಯಲಿಲ್ಲ.

ಮರುದಿನ ಮುಂಜಾನೆ ತಾಯಿ ಬಾಗಿಲಿಗೆ ಬಂದಳು, ಒಂದು ಕೈಯಲ್ಲಿ ಬಿಸಿ ರೊಟ್ಟಿ, ಇನ್ನೊಂದರಲ್ಲಿ ಶಾಲೆಯವರು ಕೊಟ್ಟ ಚೀಟಿ, ಪಕ್ಕದಲ್ಲಿ ಮಗಳು.

"ನೀವು ಹೇಳಲಿಲ್ಲಂದ್ರ ನಮಗ ತಿಳೀತಿದ್ದಿಲ್ರಿ ಅಕ್ಕಾರ. ನಿಮ್ಮ ಉಪಕಾರ ಮರಿಯೂದಿಲ್ಲ. ಇದನ್ನೊಂದೀಟು ಓದಿ ಹೇಳ್ರಿ."

ನಾನು ಕೈ ಚಾಚಿದೆ. ಹುಡುಗಿ ಆ ಚೀಟಿಯನ್ನು ತಾಯಿಯ ಕೈಯಿಂದ ಎಳೆದುಕೊಂಡಳು.

"ತಡಿಯವ್ವ, ನಾ ನೋಡತೀನಿ."

ನಮ್ಮ ಹೊಸ್ತಿಲ ಮೇಲೆ, ತನ್ನ ಹಳೆಯ ಜಾಗದಲ್ಲೇ ಕೂತು, ಚೀಟಿಯನ್ನು ತೊಡೆಯ ಮೇಲೆ ಹರವಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟಳು. "ಆರನೇ ತಾರೀಕು. ಎಂಟಕ್ಕ." ಮುಂದಿನದು ಬರೀ ಇಂಗ್ಲಿಷ್ ಮಾತು, ಅವಳಿಗೆ ಓದಲು ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಉಳಿದದ್ದು ಸಾಲ್ಯಾಗ ಟೀಚರಗ ಕೇಳೂಣು ಬಾರವ್ವ."

ನನ್ನ ಕೈ ಇನ್ನೂ ಚಾಚಿಯೇ ಇತ್ತು. ಅವಳ ತಾಯಿ ಅದರಲ್ಲಿ ರೊಟ್ಟಿ ಇಟ್ಟಳು.