ಕಣಿವೆಯ ನಡುವೆ ನಿಂತ ಭಾವ

ಭಾವನಿಗೆ ಧೈರ್ಯ ತುಂಬಿಸುತ್ತೇನೆಂದು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕೋ ಇವತ್ತಿಗೂ ಗೊತ್ತಾಗುವುದಿಲ್ಲ.

ಭಾವ ಎಂದರೆ ನನ್ನ ತಂಗಿಯ ಗಂಡ; ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ಕುಂಬ್ರದ ಹತ್ತಿರ ಅವರ ತೋಟ. ಅಡಿಕೆ ಮರ ಹತ್ತುವವರನ್ನು ಊರೂರು ಹುಡುಕುವ ಈ ಕಾಲದಲ್ಲಿ ತನ್ನ ಮರಗಳನ್ನು ತಾನೇ ಹತ್ತುತ್ತಿದ್ದ ಮನುಷ್ಯ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಬೆಳಿಗ್ಗೆ ಮೇಲೆ ಹೋದರೆ ಇಳಿಯುವುದು ಊಟಕ್ಕೆ. ಕೂತ ಮರವನ್ನು ತೂಗಿ ಬಗ್ಗಿಸಿ, ಪಕ್ಕದ ಮರದ ಕುತ್ತಿಗೆಗೆ ಕೈ ಹಾಕಿ, ಅದು ಹಿಡಿತಕ್ಕೆ ಸಿಕ್ಕಿದ ಮೇಲೆ ಇದನ್ನು ಬಿಡುವರು. ಕೆಳಗೆ ನಿಂತ ನಾನು ಬೆವರು ಒರೆಸಿಕೊಳ್ಳುವೆ. "ಹತ್ತಿದವ ನಾನು, ಬೆವರುವವರು ನೀವಾ ಭಾವ?" ಎಂದು ಮೇಲಿಂದ ನಗುವರು.

ಒಂದು ದಿನ ಬಿದ್ದರು. ಸೊಂಟದ ಎಲುಬು ಕೂಡಿತು, ನಡಿಗೆಯೂ ಸರಿಯಾಯಿತು. ಮರ ಹತ್ತುವುದು ಮಾತ್ರ ಆಗಲಿಲ್ಲ. ಆಳೆತ್ತರ ಏರುವಷ್ಟರಲ್ಲಿ ಮರವನ್ನು ತಬ್ಬಿ ನಿಂತು, ಇಳಿದುಬಿಡುವರು. "ಮುಂದಿನ ಕೊಯ್ಲಿಗೆ ಹತ್ತುದೇ" ಎನ್ನುವರು. ಎರಡು ವರ್ಷ ಹೀಗೇ ಹೋಯಿತು. ನೆಲದಲ್ಲಿ ನಿಂತು ತುದಿಗೆ ಕತ್ತಿ ಕಟ್ಟಿದ ಉದ್ದನೆಯ ದೋಟಿಯಿಂದ ಗೊನೆ ಕೊಯ್ಯಬಹುದಲ್ಲ ಎಂದರೆ ಮುಖ ತಿರುಗಿಸುವರು.

ತಂಗಿಗೆ ಉಪಾಯ ಹೇಳಿಕೊಟ್ಟವನು ನಾನೇ. ಸುಳ್ಯದಿಂದ ಮೇಲೆ, ಘಟ್ಟದ ಬುಡದಲ್ಲಿ, ಈ ಗುಡ್ಡದಿಂದ ಆ ಗುಡ್ಡಕ್ಕೆ ಕೇಬಲ್ ಕಟ್ಟಿ, ಅದರಲ್ಲಿ ತೂಗಿಕೊಂಡು ಜಾರುವ ಜಿಪ್‌ಲೈನ್ ಮಾಡಿದ್ದರು. ಒಮ್ಮೆ ಎತ್ತರದಲ್ಲಿ ತೂಗಿ ಬಂದರೆ ಹೆದರಿಕೆ ತನ್ನಷ್ಟಕ್ಕೆ ಬಿಡುತ್ತದೆ ಎಂದೆ. ಭಾವ ಕೂಡಲೇ ಒಪ್ಪಿದರು. ಆ ಒಪ್ಪಿಗೆಯಲ್ಲಿ ಎಷ್ಟು ಆಸೆ ಇತ್ತೆಂದು ನಾನು ಆಗ ಯೋಚಿಸಲಿಲ್ಲ.

ಅಲ್ಲಿನ ಗೈಡ್ ಕಡಬ ಕಡೆಯ ಹೆಂಗಸು, ನಡುವಯಸ್ಸಿನವರು, ಮಾತಿನಲ್ಲಿ ಚುರುಕು. ಭಾವನ ಸೊಂಟಕ್ಕೆ ತೊಡೆಗೆ ಪಟ್ಟಿ ಬಿಗಿದು, ದಪ್ಪ ಕೈಗವಸು ಹಾಕಿಸಿದರು.

"ಎದುರಿನ ಈ ಪಟ್ಟಿ ಹಿಡ್ಕೊಳ್ಳಿ. ಮೇಲಿನ ಕೇಬಲ್ ಮುಟ್ಟುದು ಮಾತ್ರ ಬೇಡ."

"ಮತ್ತೆ ನಾನು ಎಂತ ಮಾಡುದು?"

"ನೀವು ಎಂತದ್ದೂ ಮಾಡ್ಲಿಕ್ಕಿಲ್ಲ ಮಾರಾಯ್ರೆ. ಸುಮ್ಮನೆ ಕೂತ್ಕೊಳ್ಳಿ. ಅದೇ ಕೊಂಡೋಗ್ತದೆ."

ಭಾವ ನನ್ನ ಕಡೆ ತಿರುಗಿದರು. "ಕೈಗೆ ಕೆಲಸವೇ ಇಲ್ವಂತೆ ಭಾವ."

"ಮಾವನ ಮನೆಗೆ ಬಂದಾಗ ಕೂತ್ಕೊಳ್ತೀರಲ್ಲ, ಹಾಗೆ ಕೂತ್ಕೊಳ್ಳಿ" ಎಂದೆ. ಗೈಡ್ ನಕ್ಕರು. ಭಾವನೂ ನಕ್ಕರು. ಅಷ್ಟರಲ್ಲಿ ಗೈಡ್ ಅವರನ್ನು ಬಿಟ್ಟರು.

ರಾಟೆ ಕಿರ್ರೆನ್ನುತ್ತ ಹೋಯಿತು. ಅರ್ಧ ಕಣಿವೆಯವರೆಗೆ ಎಲ್ಲ ಸರಿ. ಅಲ್ಲಿ ಬಲಗಡೆ, ತಳದಿಂದ ಎದ್ದ ಒಂದು ಕಾಡುಮರದ ತುದಿ ಕೇಬಲ್ಲಿನ ಎತ್ತರಕ್ಕೇ ಬಂದಿತ್ತು. ಭಾವನ ಬಲಗೈ ಪಟ್ಟಿ ಬಿಟ್ಟು ಅದರ ಕಡೆ ಚಾಚಿತು. ಎಷ್ಟು ವರ್ಷ ಕೆಳಗೆ ನಿಂತು ನೋಡಿದ ಕೈ ಅದು! ಪಕ್ಕದ ಮರಕ್ಕೆ ದಾಟುವ ಕೈ. ಮರ ಮಾರು ದೂರದಲ್ಲಿ ಹಿಂದೆ ಸರಿಯಿತು. ಗಾಳಿಯಲ್ಲಿ ತಡಕಾಡಿದ ಕೈ ಮೇಲಿನ ಕೇಬಲ್ಲನ್ನೇ ಬಿಗಿಯಾಗಿ ಹಿಡಿಯಿತು. ರಾಟೆ ನಿಂತಿತು. ಭಾವ ನಟ್ಟನಡುವೆ ತೂಗಾಡತೊಡಗಿದರು.

"ಕೈ ಬಿಡಿ! ಬಿಟ್ರೂ ಬೀಳುದಿಲ್ಲ!" ಗೈಡ್ ಕೂಗಿದರು. ಭಾವ ಬಿಡಲಿಲ್ಲ.

ನಗಿಸಿದರೆ ಸಡಿಲವಾದೀತೆಂದು ನಾನೂ ಕೂಗಿದೆ: "ಹೇಗೂ ನಿಂತಿದ್ದೀರಿ ಭಾವ, ಒಂದು ಅಡಿಕೆ ಗೊನೆ ಕೊಯ್ದೇ ಬನ್ನಿ!" ಹಿಂದೆ ಸರದಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಭಾವ ಮುಖವನ್ನು ಆಚೆ ತಿರುಗಿಸಿದರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇದ್ದಿದ್ದರೆ!

ಗೈಡ್ ತಾನೂ ಕೇಬಲ್ಲಿಗೆ ಸಿಕ್ಕಿಸಿಕೊಂಡು, ಕೈಯಿಂದ ಕೈಗೆ ಜಗ್ಗುತ್ತ ಹೋಗಿ, ಒಂದೊಂದೇ ಬೆರಳು ಬಿಡಿಸಿ ಅವರನ್ನು ಈಚೆಗೆ ಎಳೆತಂದರು.

ಬೆಂಚಿನಲ್ಲಿ ಕೂತ ಭಾವ ಗವಸು ತೆಗೆದು ಕೈಯನ್ನೇ ನೋಡುತ್ತಿದ್ದರು. ಪೆಟ್ಟೇನೂ ಆಗಿರಲಿಲ್ಲ.

"ಸಿಗ್ಲಿಲ್ಲ ಭಾವ."

"ಎಂತದ್ದು?"

"ಮರ. ಹತ್ತಿರವೇ ಉಂಟು ಅಂತ ಕಂಡಿತು, ಕೈ ಹಾಕಿದೆ. ಬಿದ್ದ ದಿನವೂ ಹೀಗೇ. ಕಾಲು ಜಾರಿತು ಅಂತ ನಿಮಗೆಲ್ಲ ಹೇಳಿದ್ದು ಸುಳ್ಳು. ಕಣ್ಣಳತೆ ತಪ್ಪಿದ್ದು. ಒಂದು ಸಲ ತಪ್ಪಿದ್ದಾ, ಪೂರಾ ಹೋದದ್ದಾ ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು."

ಹೆದರಿಕೆಯಾಗಿದ್ದರೆ ಏನಾದರೂ ಹೇಳುತ್ತಿದ್ದೆ. ಗವಸುಗಳನ್ನು ಗೈಡಿಗೆ ಒಪ್ಪಿಸಿ ಕಾರಿನ ಬಾಗಿಲು ತೆಗೆದೆ. ಕುಂಬ್ರಕ್ಕೆ ಮುಟ್ಟುವಾಗ ಸಂಜೆಯಾಗಿತ್ತು.

ಅಂಗಳದಲ್ಲೇ ಕಾಯುತ್ತಿದ್ದ ತಂಗಿ ಕೇಳಿದಳು, "ಬಿಟ್ಟಿತಾ ಹೆದರಿಕೆ?"

"ಬಿಟ್ಟಿತು" ಎಂದು ಹೇಳಿ ಭಾವ ಕಾಲು ತೊಳೆಯಲು ಹೋದರು. ಅವಳ ಮುಖ ಅರಳಿತು. ನಾನು ನೀರು ಕೇಳಿ ಕುಡಿದೆ.

ಆಮೇಲೆ ಮುಂದಿನ ಕೊಯ್ಲಿನ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಎರಡು ವರ್ಷ ಆ ಒಂದು ಮಾತನ್ನು ಹಿಡಿದುಕೊಂಡೇ ಅವರು ತೋಟಕ್ಕೆ ಹೋಗಿ ಬರುತ್ತಿದ್ದರು. ಅದನ್ನು ನಾನು ಬಿಡಿಸಿಬಿಟ್ಟೆ. ಈ ವರ್ಷ ದೋಟಿ ತರಿಸಿದರು. ಕೊಯ್ಲಿಗೆ ಹೋದಾಗ ಅವರು ನೆಲದಲ್ಲಿ ನಿಂತು ಕತ್ತೆತ್ತಿ ದೋಟಿ ಆಡಿಸುತ್ತಿದ್ದರು. ತುದಿಯ ಕತ್ತಿ ಗೊನೆಯ ಆಚೆಗೊಮ್ಮೆ, ಈಚೆಗೊಮ್ಮೆ ಹೋಗುತ್ತಿತ್ತು.

"ತಾಗಿತಾ ನೋಡಿ ಭಾವ" ಎಂದರು.

"ಇನ್ನೂ ಸ್ವಲ್ಪ ಎಡಕ್ಕೆ" ಎಂದೆ.